ಗಾದಿಲಿಂಗಣ್ಣನ ಮೂಗು ಮತ್ತು ಬಾಳೆಹಣ್ಣಿನ ದೋಸೆ

ಹೊಸಪೇಟೆಯಿಂದ ಕಮಲಾಪುರದ ಕಡೆ ಹೋಗುವಾಗ ಸಿಗುವ ಕಾಲುವೆಯ ಪಕ್ಕದ ನಮ್ಮ ಓಣಿಯ ಕೊನೆಗೆ ಒಂದು ಮಣ್ಣಿನ ಕೋಣೆ ಇದೆ. ಎಂಟಡಿ ಉದ್ದ, ಆರಡಿ ಅಗಲ. ನೆಟ್ಟಗೆ ನಿಂತರೆ ತಲೆ ತಾಗುತ್ತದೆ. ಕಿಟಕಿ ಇಲ್ಲ. ಬಾಗಿಲು ಸಣ್ಣದು. ಗೋಡೆಯ ಬುಡದಲ್ಲಿ ಎಡಕ್ಕೆ ಹೊಗೆ ಊದಲು ಒಂದು ತೂತು, ಬಾಗಿಲ ಮೇಲುಗಡೆ ಹೆಬ್ಬೆಟ್ಟಿನಷ್ಟು ದಪ್ಪದ ಇನ್ನೊಂದು ತೂತು. ಮೇಲಿನದಕ್ಕೆ ಯಾವಾಗಲೂ ಬಟ್ಟೆಯ ಬಿರಡೆ ತುರುಕಿರುತ್ತದೆ.

ಇದು ಗಾದಿಲಿಂಗಣ್ಣನ ಹೊಗೆ ಕೋಣೆ. ಬಲಿತ ಬಾಳೆಗೊನೆಗಳನ್ನು ಒಳಗೆ ಹುಲ್ಲಿನ ಮೇಲೆ ಜೋಡಿಸಿ, ಬಾಗಿಲಿಗೆ ಮಣ್ಣು ಸಗಣಿ ಮೆತ್ತಿ, ಕುಳ್ಳು ಮತ್ತು ಒಣ ಬಾಳೆ ಎಲೆಯ ಹೊಗೆಯನ್ನು ಬುಡದ ತೂತಿನಿಂದ ಊದಿ ಮುಚ್ಚುತ್ತಾನೆ. ಹೊಗೆಯಲ್ಲಿ ಎಥಿಲೀನ್ ಅನಿಲ ಸ್ವಲ್ಪ ಇರುತ್ತದೆ. ಕಾಯಿ ಹಣ್ಣಾಗಲು ಅದೇ ಚಾಲನೆ ಕೊಡುತ್ತದೆ. ಒಮ್ಮೆ ಶುರುವಾದರೆ ಹಣ್ಣೇ ಅದನ್ನು ಉತ್ಪಾದಿಸಿ ಪಕ್ಕದ ಹಣ್ಣಿಗೆ ದಾಟಿಸುತ್ತದೆ. ಊರಿನ ಮಂಡಿಯಲ್ಲಿ ಇದೇ ಕೆಲಸವನ್ನು ತಂಪು ಕೋಣೆ, ಸಿಲಿಂಡರ್ ಮತ್ತು ಉಷ್ಣತೆಯ ಮೀಟರ್ ಮಾಡುತ್ತವೆ. ಇಲ್ಲಿ ಮೀಟರ್ ಇಲ್ಲ. ಮೂಗು ಇತ್ತು.

ದಿನಕ್ಕೆ ಮೂರು ಸಲ ಗಾದಿಲಿಂಗಣ್ಣ ಬಿರಡೆ ತೆಗೆದು ತೂತಿಗೆ ಮೂಗು ಹಚ್ಚುತ್ತಿದ್ದ. ಕಣ್ಣು ಮುಚ್ಚಿ ಎರಡು ಉಸಿರು ಎಳೆದು, "ಇನ್ನಾ ಹಸೀದೈತಿ" ಎನ್ನುತ್ತಿದ್ದ. ಇಲ್ಲವೇ "ನಾಳಿ ಹತ್ತಕ್ಕ ತೆಗೀಬೇಕು" ಎನ್ನುತ್ತಿದ್ದ. ಹತ್ತು ಎಂದರೆ ಹತ್ತೇ. ಕಾರ್ಯ ಇಟ್ಟುಕೊಂಡವರು ತಾರೀಕು ಹೇಳಿ ಹೋದರೆ ಸಾಕು, ಆ ದಿನ ಬೆಳಿಗ್ಗೆ ಹಣ್ಣು ಎಲ್ಲೂ ಹಸಿರಿಲ್ಲದೆ, ಎಲ್ಲೂ ಕಪ್ಪಿಲ್ಲದೆ ಬುಟ್ಟಿಯಲ್ಲಿ ಇರುತ್ತಿತ್ತು. ಕಂಪ್ಲಿ, ಸಂಡೂರಿನಿಂದಲೂ ಜನ ಬರುತ್ತಿದ್ದರು. ಕ್ಯಾಲೆಂಡರ್ ನೋಡಿ ಬಾಗಿಲು ತೆಗೆಯುವ ಕೆಲಸವಲ್ಲ ಇದು. ಚೈತ್ರದಲ್ಲಿ ಇಪ್ಪತ್ತು ತಾಸಿಗೆ ಆಗುವುದು ಮಾರ್ಗಶಿರದಲ್ಲಿ ಮೂವತ್ತಾರು ತಾಸು ಬೇಡುತ್ತದೆ. ಗೊನೆಯನ್ನು ಎರಡು ದಿನ ಮೊದಲೇ ಕಡಿದಿದ್ದರೆ ಅದರ ಲೆಕ್ಕವೇ ಬೇರೆ.

ಅವನು ಹುಟ್ಟಿದ್ದು ಪಾಪಿನಾಯಕನಹಳ್ಳಿಯಲ್ಲಿ. ಹರೆಯದಲ್ಲಿ ಬಾಳೆ ತೋಟಗಳಲ್ಲಿ ಕೂಲಿ ಮಾಡಿದ. ನಡುವೆ ಎರಡು ವರ್ಷ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಗುತ್ತಿಗೆ ಕೆಲಸಕ್ಕೆ ಹೋಗಿ, "ಅಲ್ಲಿ ಅನ್ನನೂ ಕಬ್ಬಿಣದ ವಾಸನಿ ಹೊಡೀತೈತಿ" ಎಂದು ವಾಪಸು ಬಂದ. ಕೋಣೆ ಅವನ ಅಪ್ಪ ಕಟ್ಟಿದ್ದು. ಕೋಣೆಯ ಜೊತೆ ಅಪ್ಪ ಒಂದು ನಿಯಮವನ್ನೂ ಬಿಟ್ಟುಹೋಗಿದ್ದ: ಒಂದು ಕೋಣೆಗೆ ಒಂದೇ ಮೂಗು. ಎರಡನೆಯವರು ಮೂಸಿದರೆ ಹಣ್ಣು ಕೊಳೆಯುತ್ತದೆ ಎಂಬ ನಂಬಿಕೆ. ಹಾಗಾಗಿ ಮೂವತ್ತೊಂದು ವರ್ಷದ ಸಂಸಾರದಲ್ಲಿ ಹೆಂಡತಿ ಸುಂಕಲಮ್ಮ ಗೊನೆ ಹೊತ್ತಿದ್ದಳು, ಬಾಗಿಲಿಗೆ ಮಣ್ಣು ಮೆತ್ತಿದ್ದಳು, ಹೊಗೆ ಊದಿದ್ದಳು. ಆ ತೂತಿಗೆ ಮಾತ್ರ ಒಂದು ಸಲವೂ ಮುಖ ಒಡ್ಡಿರಲಿಲ್ಲ.

ಕಳೆದ ಶ್ರಾವಣದಲ್ಲಿ ಗಾದಿಲಿಂಗಣ್ಣನಿಗೆ ಎಂಟು ದಿನ ನೆಗಡಿ ಜ್ವರ ಬಂತು. ಜ್ವರ ಹೋಯಿತು. ಆಮೇಲೆ ಸುಂಕಲಮ್ಮ ನಮ್ಮ ಕಾಂಪೌಂಡ್ ಗೋಡೆಯ ಮೇಲಿಂದ ಬಾಳೆಹಣ್ಣಿನ ದೋಸೆ ಕೊಡಲು ಶುರು ಮಾಡಿದಳು.

ಮೊದಲ ತಿಂಗಳು ಒಂದು ಸಲ ಬಂತು. ಭಾದ್ರಪದದಲ್ಲಿ ನಾಲ್ಕು ಸಲ. ಕಾರ್ತಿಕ ಬರುವ ಹೊತ್ತಿಗೆ ವಾರಕ್ಕೆ ಎರಡು ತಟ್ಟೆ. ಹೆಚ್ಚು ಹಣ್ಣಾದ ಬಾಳೆಯನ್ನು ಮೊದಲು ಮೇಕೆಗಳಿಗೆ ಹಾಕುತ್ತಿದ್ದಳಂತೆ. ಮೇಕೆಗಳೂ ಮುಖ ತಿರುಗಿಸಿದವು. ಹಿಂದೆ ನಾಲ್ಕು ವರ್ಷ ಆಕೆ ಹಂಪಿಯ ಒಂದು ಗೆಸ್ಟ್ ಹೌಸಿನ ಅಡುಗೆಮನೆಯಲ್ಲಿ ಕೆಲಸ ಮಾಡಿದ್ದಳು.

"ಅಲ್ಲಿ ಫಾರಿನ್‌ನೋರು ಮುಂಜಾನೆ ಎದ್ದ ಕೂಡ್ಲೆ ಇದನ್ನ ಕೇಳೋರು. ಕಾರ್ಡಿನ್ಯಾಗ ಬನಾನಾ ಪ್ಯಾನ್‌ಕೇಕ್ ಅಂತ ಬರದಿರ್ತಿತ್ತು. ನಾನೂ ಏನೋ ದೊಡ್ಡದು ಅನಕೊಂಡಿದ್ದೆ. ನೋಡಿದ್ರ ನಮ್ಮ ಸಿಹಿ ದ್ವಾಸೀನ, ತತ್ತಿ ಹಾಕಿ ಉಬ್ಬಿಸಿರ್ತಾರ!"

ಅವಳು ಹಿಟ್ಟಿಗೆ ಮೊಟ್ಟೆ ಸೇರಿಸುತ್ತಿರಲಿಲ್ಲ. ನಾಲ್ಕು ಹಣ್ಣಿಗೆ ಒಂದು ಲೋಟ ಗೋಧಿ ಹಿಟ್ಟು, ಎರಡು ಚಮಚ ರವೆ, ಅರ್ಧ ಲೋಟ ಹಾಲು, ಚಿಟಿಕೆ ಉಪ್ಪು, ಕುಟ್ಟಿದ ಎರಡು ಯಾಲಕ್ಕಿ. ಸಿಪ್ಪೆ ಕಪ್ಪಾದ ಹಣ್ಣಿನಲ್ಲಿ ಪಿಷ್ಟವೆಲ್ಲ ಸಕ್ಕರೆಯಾಗಿ ಹೋಗಿರುವುದರಿಂದ ಬೆಲ್ಲ ಬೇಕಾಗುವುದಿಲ್ಲ. ಹಣ್ಣನ್ನು ಕೈಯಲ್ಲೇ ಹಿಸುಕಿ ಕಲಸಿ, ರವೆ ನೆನೆಯಲೆಂದು ಕಾಲು ತಾಸು ಬಿಡುತ್ತಿದ್ದಳು. ಉರಿ ಸಣ್ಣದಿರಬೇಕು, ಇಷ್ಟು ಸಕ್ಕರೆ ಇರುವ ಹಿಟ್ಟು ಒಳಗೆ ಬೇಯುವ ಮೊದಲೇ ಹೊರಗೆ ಸೀಯುತ್ತದೆ. ಅಂಗೈಯಗಲ ಹುಯ್ದರೆ ಸರಿ, ದೊಡ್ಡದಾದರೆ ಮಗುಚುವಾಗ ಹರಿಯುತ್ತದೆ. ಸುತ್ತ ನಾಲ್ಕು ಹನಿ ತುಪ್ಪ. ಅಂಚು ಕಂದು ಬಣ್ಣಕ್ಕೆ ತಿರುಗಿ ಗರಿಯಾಗಿ, ನಡುವೆ ಮೆತ್ತಗೆ ಇರುತ್ತಿತ್ತು. ಬಿಸಿಯಿದ್ದಾಗ ಎಷ್ಟು ತಿಂದೆವೆಂದು ತಿಳಿಯುತ್ತಿರಲಿಲ್ಲ.

ತಿನ್ನುವವರಿಗೆ ಸುಖ. ಆದರೆ ಆ ಮನೆಯಲ್ಲಿ ಒಂದೊಂದು ದೋಸೆಯೂ ಹೊತ್ತು ಮೀರಿ ತೆಗೆದ ಹಣ್ಣಿನ ಸಾಕ್ಷಿಯಾಗಿತ್ತು. ಇಷ್ಟು ವರ್ಷ ಅವರ ಮನೆಯಲ್ಲಿ ಹೆಚ್ಚಾದ ಹಣ್ಣೇ ಇರುತ್ತಿರಲಿಲ್ಲ. ಗಾದಿಲಿಂಗಣ್ಣ ಒಮ್ಮೆ ಹವೆ ಸರಿಯಿಲ್ಲ ಎಂದ, ಒಮ್ಮೆ ತೋಟದಿಂದ ಗೊನೆ ಕಡಿದು ತರುವ ಹನುಮಣ್ಣನನ್ನು ಬೈದ. ಕೆಟ್ಟ ಹಣ್ಣಿನ ಬದಲು ಗುಟ್ಟಾಗಿ ಮಂಡಿಯಿಂದ ತಂದು ಎರಡು ಮನೆಗೆ ಕೊಟ್ಟ.

ಮಾರ್ಗಶಿರದ ಒಂದು ಸಂಜೆ ಸುಂಕಲಮ್ಮ ತಟ್ಟೆ ಕೊಟ್ಟು ಹೋಗದೆ ಗೋಡೆ ಹಿಡಿದು ನಿಂತಳು.

"ನೀವು ಸೈನ್ಸ್ ಓದೀರಲ್ರಿ. ಮೂಗು ಹೋದ್ರ ನಾಲಿಗಿಗೆ ರುಚಿ ಇರ್ತೈತೇನು?"

ನಾಲಿಗೆಗೆ ಸಿಹಿ, ಉಪ್ಪು, ಹುಳಿ, ಕಹಿಯಂಥ ಕೆಲವು ಮಾತ್ರ ತಿಳಿಯುತ್ತವೆ, ನಾವು ರುಚಿ ಎನ್ನುವ ಉಳಿದದ್ದೆಲ್ಲ ಮೂಗಿನ ಕೆಲಸ ಎಂದೆ.

"ಹಂಗಾರ ಖರೆ ಆತು ಬಿಡ್ರಿ," ಎಂದಳು. "ಕಳೆದ ಸೋಮವಾರ ದ್ವಾಸಿಗೆ ಯಾಲಕ್ಕಿ ಹಾಕಿದ್ದೆ. ಘಮ ಮಸ್ತ್ ಐತಿ ಅಂದ್ರು. ಗುರುವಾರ ಬೇಕಂತ ಬಿಟ್ಟೆ. ಆವಾಗ್ಲೂ ಘಮ ಮಸ್ತ್ ಐತಿ ಅಂದ್ರು. ಇವತ್ತು ಒಲಿ ಮ್ಯಾಲ ಹಾಲು ಉಕ್ಕಿ ಸೀದು ಕರ‍್ರಗಾತು, ಪಕ್ಕದಾಗ ಕುಂತು ಮೊಬೈಲ್ ನೋಡಾಕ ಹತ್ಯಾರ."

ಡಾಕ್ಟರಿಗೆ ತೋರಿಸಬೇಕು ಎಂದೆ.

"ತೋರ್ಸಾಕ ಮದ್ಲ ಅವ್ರು ಬಾಯಿ ಬಿಡ್ಬೇಕಲ್ರಿ. ಮೂವತ್ತೊಂದು ವರ್ಷ ಆ ಮೂಗಿನ ಮ್ಯಾಲ ಮನಿ ನಡದೈತಿ. ನಿಮ್ಮ ಮೂಗು ಹೋತು ಅಂತ ನಾ ಹೆಂಗ ಅನ್ಲಿ?"

ಮರುದಿನವೇ ಕಂಪ್ಲಿಯಿಂದ ಕೊಟ್ರಯ್ಯ ಬಂದರು. ಅಕ್ಕಿ ಮಿಲ್ಲಿನ ಮಾಲೀಕರು, ಹದಿನೈದು ವರ್ಷದ ಗಿರಾಕಿ. ಮೊಮ್ಮಗಳ ತೊಟ್ಟಿಲು ಕಾರ್ಯ ಮುಂದಿನ ಸೋಮವಾರ. ಬಂದವರಿಗೆಲ್ಲ ಎಲೆ ಅಡಿಕೆಯ ಜೊತೆ ಕೊಡಲು ಆರುನೂರು ಸುಗಂಧಿ ಜಾತಿಯ ಬಾಳೆಹಣ್ಣು ಬೇಕು.

"ಮಗ ಮಂಡಿ ಹಣ್ಣು ತರ್ತೀನಿ ಅಂದ. ಮುಚ್ಚಲೇ ಬಾಯಿ ಅಂದೆ," ಎಂದರು ಕಟ್ಟೆಯ ಮೇಲೆ ಕೂರುತ್ತ. "ನೋಡಾಕ ಬಂಗಾರ, ತಿಂದ್ರ ಬಟಾಟಿ. ನನಗ ಗಾದಿಲಿಂಗನ ಹೊಗಿ ಹಣ್ಣ ಬೇಕು. ಆಗ್ತೈತಿಲ್ಲಪ?"

ಗಾದಿಲಿಂಗಣ್ಣ ಹೆಂಡತಿಯ ಕಡೆ ನೋಡಲಿಲ್ಲ. "ಆಗ್ತೈತ್ರಿ ಅಯ್ನೋರೆ," ಎಂದ.

ಆಗದಿದ್ದರೆ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು. ಚಿಕ್ಕ ಮನೆಗಳ ಹಣ್ಣಿಗೆ ಮಂಡಿಯಿಂದ ತಂದು ಬದಲು ಕೊಡಬಹುದು. ಹೊಗೆ ಹಣ್ಣಿನ ರುಚಿ ಬಲ್ಲ ಕೊಟ್ರಯ್ಯನವರಿಗೆ ಕೊಡಲಾಗದು. ಈ ಸಲ ತಪ್ಪಿದರೆ ಕೋಣೆಯ ಬಾಗಿಲು ಕಿತ್ತು ಹಾಕುವುದೆಂದು ಅವನು ಮನಸ್ಸಿನಲ್ಲೇ ನಿಶ್ಚಯಿಸಿದ್ದ. ಇದನ್ನು ಆಮೇಲೆ ಅವನೇ ಹೇಳಿದ.

ಹನುಮಣ್ಣ ಏಳು ಗೊನೆ ಕಡಿದು ತಂದ. ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಹೊಗೆ ಊದಿ ಮುಚ್ಚಿದರು. ಮಾರ್ಗಶಿರದ ಲೆಕ್ಕದಲ್ಲಿ ಮೂವತ್ತಾರು ತಾಸು ಎಂದರೆ ಶನಿವಾರ ರಾತ್ರಿ ಎಂಟು. ಆಮೇಲೆ ಹೊರಗೆ ಹುಲ್ಲಿನ ಮೇಲೆ ಹರವಿದರೆ ಸೋಮವಾರ ಬೆಳಿಗ್ಗೆಗೆ ಬಣ್ಣ ಕೂಡುತ್ತದೆ.

ಶನಿವಾರ ಬೆಳಿಗ್ಗೆ ಏಳೂವರೆಗೆ ಸುಂಕಲಮ್ಮ ಚಹಾ ಹಿಡಿದು ಹೋದಾಗ ಗಂಡ ತೂತಿಗೆ ಮೂಗು ಹಚ್ಚಿ ನಿಂತಿದ್ದ. ಎರಡು ಉಸಿರಲ್ಲ, ಹತ್ತು ಹನ್ನೆರಡು ಉಸಿರು ಎಳೆದ.

"ಏನಂತೈತ್ರಿ?"

"ಇನ್ನಾ ಹಸೀದೈತಿ. ಸಂಜಿ ಮ್ಯಾಲೆ ತೆಗದ್ರಾತು. ಥಂಡಿ ದಿನ ಅಲ್ಲೇನು."

"ಎಲ್ಲಿ ಥಂಡಿ? ರಾತ್ರಿ ಚಾದರ ಒದ್ದು ಮಲಗಿದ್ರಿ."

ಎರಡು ದಿನದಿಂದ ಮೋಡ ಮುಚ್ಚಿತ್ತು. ಮೋಡ ಇದ್ದ ರಾತ್ರಿ ನೆಲದ ಬಿಸಿ ಮೇಲೆ ಹೋಗದೆ ಉಳಿಯುತ್ತದೆ; ಮಾರ್ಗಶಿರವೂ ಆಶ್ವಯುಜದಂತೆ ಇರುತ್ತದೆ. ಮೂಗು ಇದ್ದಾಗ ಅವನು ಮೋಡವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಿರಲಿಲ್ಲ, ಹಣ್ಣೇ ಹೇಳುತ್ತಿತ್ತು. ಮೂಗು ಹೋದ ಮೇಲೆ ತಿಂಗಳಿನ ಹೆಸರು ಹಿಡಿದು ತಾಸು ಎಣಿಸುತ್ತಿದ್ದ.

ಸುಂಕಲಮ್ಮ ಚಹಾದ ಲೋಟ ಕಟ್ಟೆಯ ಮೇಲೆ ಇಟ್ಟಳು. "ಹೋದ ಗುರುವಾರದ ದ್ವಾಸಿಗೆ ಯಾಲಕ್ಕಿ ಹಾಕಿದ್ದಿಲ್ಲ," ಎಂದಳು.

ಅವನು ಬಿರಡೆ ಕೈಯಲ್ಲಿ ಹಿಡಿದೇ ನಿಂತ. "ನಾ ಏನಂದಿದ್ದೆ?"

"ಘಮ ಮಸ್ತ್ ಐತಿ ಅಂದ್ರಿ."

"ಥೂ ನಿನ್ನ! ಗಂಡಗ ಪರೀಕ್ಷಿ ಇಡ್ತೀಯೇನ್ಲೇ?"

"ಇಟ್ಟೆ. ಫೇಲ್ ಆದ್ರಿ."

ಅವನಿಗೆ ನಗು ಬಂತು, ಅರ್ಧಕ್ಕೆ ನಿಂತಿತು. ಕಟ್ಟೆಯ ಮೇಲೆ ಕೂತ. "ಶ್ರಾವಣದಿಂದ ಏನೂ ಇಲ್ಲಲೇ. ಹೊಗಿನೂ ಇಲ್ಲ, ಹಣ್ಣೂ ಇಲ್ಲ. ಬರೇ ಗ್ವಾಡಿಗೆ ಮೂಗು ಹಚ್ಚಿದಂಗ. ಇವತ್ತು ಬರ್ತೈತಿ, ನಾಳಿ ಬರ್ತೈತಿ ಅಂತ ನೋಡಿದೆ."

"ಚಾ ಆರ್ತೈತಿ, ಕುಡೀರಿ. ಅತ್ಲಾಗ ಸರೀರಿ."

"ಏನ್ ಮಾಡ್ತಿ? ಅಪ್ಪ ಏನ್ ಹೇಳ್ಯಾನ? ಒಂದ್ ಕ್ವಾಣಿಗೆ ಒಂದ ಮೂಗು."

"ಹೂಂ ಮತ್ತ. ಈಗ ಒಂದ ಐತಿ," ಎಂದು ಸುಂಕಲಮ್ಮ ಸೆರಗು ಸಿಕ್ಕಿಸಿಕೊಂಡು ತೂತಿಗೆ ಮುಖ ಒಡ್ಡಿದಳು. ಕೂಡಲೇ ಕೆಮ್ಮಿ ಹಿಂದೆ ಸರಿದಳು. "ಬರೇ ಹೊಗಿ!"

"ಹಂಗ ಎಳೀಬಾರ್ದು. ಮದ್ಲ ಉಸಿರು ಪೂರ್ತಿ ಬಿಡು. ಆಮ್ಯಾಲ ಮೆಲ್ಲಕ ಎಳಿ. ಹೊಗಿ ಮುಂದ ಬರ್ತೈತಿ, ಅದನ್ನ ಬಿಟ್ಟುಬಿಡು. ಹಿಂದ ಏನ್ ಬರ್ತೈತಿ ಹೇಳು."

ಅವಳು ಮತ್ತೆ ಎಳೆದಳು. "ಹಣ್ಣು."

"ಎಂಥಾ ಹಣ್ಣು? ಸೌತಿಕಾಯಿ ಮುರಿದಂಗ ಹಸಿ ವಾಸನಿ ಐತೇನು?"

"ಇಲ್ಲ."

"ಚೂರೂ ಇಲ್ಲ?"

"ಇಲ್ರಿ. ಜೇನಿನಂಗ ಐತಿ."

ಗಾದಿಲಿಂಗಣ್ಣ ಎದ್ದು ನಿಂತ. ಸೌತೆಕಾಯಿ ಹೋಗಿ ಜೇನು ಬಂದರೆ ಬಾಗಿಲು ತೆಗೆಯುವ ಹೊತ್ತು. ಜೇನು ಹೋಗಿ ಹುಳಿ ಬಂದರೆ ಹೊತ್ತು ಮೀರಿತು. ಅವನ ಲೆಕ್ಕದಲ್ಲಿ ಇನ್ನೂ ಹನ್ನೆರಡು ತಾಸು ಬಾಕಿ ಇತ್ತು.

"ಸರಿಯಾಗಿ ನೋಡು. ಹೊಸಬರಿಗೆ ಹೊಗಿನೂ ಜೇನಿನಂಗ ಅನಸ್ತೈತಿ."

"ತಡೀರಿ..." ಅವಳು ಕಣ್ಣು ಮುಚ್ಚಿದಳು. "ಎಡಕ್ಕ, ಕೆಳಗಿಂದ ಹುಳಿ ಹೊಡ್ಯಾಕ ಹತ್ತೈತಿ."

"ಎಂಥಾ ಹುಳಿ?"

"ದ್ವಾಸಿ ಹಣ್ಣಿನ ಹುಳಿ! ನಾಲ್ಕು ತಿಂಗಳಿಂದ ಅದನ್ನ ಸುಲಿದು ಹಿಸುಕಾಕ ಹತ್ತೀನಿ. ಅದು ನನಗ ಗೊತ್ತಾಗಲ್ಲೇನು?"

ಗಾದಿಲಿಂಗಣ್ಣ ಹೆಂಡತಿಯ ಮುಖ ನೋಡಿದ, ಬಾಗಿಲ ಮಣ್ಣನ್ನು ನೋಡಿದ. ಈಗ ತೆಗೆದು ಕಾಯಿ ಹಸಿಯಾಗಿದ್ದರೆ ಹೊಗೆಯೆಲ್ಲ ಹೊರಗೆ ಹೋಗಿ ಗೊನೆ ಅರೆಗಾಯಿಯಾಗಿ ನಿಲ್ಲುತ್ತದೆ. ಮತ್ತೆ ಊದಿದರೂ ಸೋಮವಾರಕ್ಕೆ ಮುಟ್ಟುವುದಿಲ್ಲ. ತೆಗೆಯದೆ ಇದ್ದು ಅವಳ ಮಾತು ನಿಜವಾಗಿದ್ದರೆ ರಾತ್ರಿಯ ಹೊತ್ತಿಗೆ ಆರುನೂರು ಹಣ್ಣೂ ದೋಸೆಯ ಹಣ್ಣೇ. ಎರಡರಲ್ಲಿ ಒಂದನ್ನು ನಂಬಬೇಕಿತ್ತು: ತನ್ನ ಲೆಕ್ಕ, ಇಲ್ಲವೇ ಮೊದಲ ಸಲ ಮೂಸಿದವಳ ಮೂಗು.

"ಸನಿಕಿ ತಗೊಂಬಾ," ಎಂದ.

ಸನಿಕೆಯಿಂದ ಮಣ್ಣು ಕೆತ್ತಿ ಬಾಗಿಲು ತೆಗೆದು, ಹೊಗೆ ಆರಿದ ಮೇಲೆ ಅವನೇ ಬಗ್ಗಿ ಒಳಗೆ ಹೋದ. ಎಡ ಮೂಲೆಯಲ್ಲಿ, ಹೊಗೆ ಊದುವ ತೂತಿನ ಹತ್ತಿರ, ಬಿಸಿ ಹೆಚ್ಚು ತಾಗಿದ ಮೂರು ಚಿಪ್ಪು ಮೆತ್ತಗಾಗಿ ಸಿಪ್ಪೆ ಬಿರಿದಿತ್ತು. ಉಳಿದ ಗೊನೆಗಳು ಎಳೆ ಹಸಿರಿನಿಂದ ಹಳದಿಗೆ ತಿರುಗುವ ಅಂಚಿನಲ್ಲಿದ್ದವು. ಒಂದೊಂದು ಹಣ್ಣಿನ ಕುತ್ತಿಗೆಯನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿದ. ಗಟ್ಟಿ ಇದ್ದವು.

"ಬಂದಾವ?" ಎಂದು ಹೊರಗಿನಿಂದ ಕೇಳಿದಳು.

"ಬಂದಾವ," ಎಂದ. ಆಮೇಲೆ ಬಹಳ ಹೊತ್ತು ಹೊರಗೆ ಬರಲಿಲ್ಲ. ಒಂದೊಂದೇ ಗೊನೆ ಬಾಗಿಲಿಗೆ ತಂದು ಕೊಡುತ್ತಿದ್ದ, ಅವಳು ಹುಲ್ಲಿನ ಮೇಲೆ ಇಡುತ್ತಿದ್ದಳು.

ಸೋಮವಾರ ಏಳು ಗಂಟೆಗೆ ಕೊಟ್ರಯ್ಯನವರ ಟೆಂಪೋ ಬಂತು. ಹಣ್ಣು ಐದು ಬುಟ್ಟಿಯಲ್ಲಿ, ಬಾಳೆ ಎಲೆಯ ಕೆಳಗೆ, ಮಚ್ಚೆಯಿಲ್ಲದ ಹಳದಿಯಲ್ಲಿ ಇದ್ದವು. ಕೊಟ್ರಯ್ಯ ಒಂದನ್ನು ಸುಲಿದು ತಿಂದು ತಲೆ ಆಡಿಸಿದರು. ಡ್ರೈವರ್ ಬುಟ್ಟಿ ಏರಿಸುವ ತನಕ ಕುಂದ್ರಿ ಎಂದು ಸುಂಕಲಮ್ಮ ಬಿಸಿ ದೋಸೆಯ ತಟ್ಟೆ ತಂದಿಟ್ಟಳು. ಮೆತ್ತಗಾದ ಆ ಮೂರು ಚಿಪ್ಪಿನ ಹಣ್ಣನ್ನು ಇನ್ನೇನು ಮಾಡಲು ಬರುತ್ತಿತ್ತು?

ಕೊಟ್ರಯ್ಯ ಎರಡು ತಿಂದರು. ಮೂರನೆಯದನ್ನು ಮುರಿದು ನೋಡಿದರು.

"ಭಾಳ ಚಲೋ ಐತವ್ವ. ಆದ್ರ ಇದು ಕಪ್ಪಾದ ಹಣ್ಣಿನ ದ್ವಾಸಿ ಅಲ್ಲೇನು?" ಗಾದಿಲಿಂಗಣ್ಣನ ಕಡೆ ತಿರುಗಿದರು. "ಏನಪ, ನಿನ್ನ ಮನಿಯಾಗ ಹಣ್ಣು ಕಪ್ಪಾಗಾಕ ಯಾವಾಗಿಂದ ಹತ್ತಿದ್ವು?"

ನಗೆಚಾಟಿಕೆಯ ಮಾತು ಅದು. ನಕ್ಕು ಬಿಟ್ಟಿದ್ದರೆ ಮುಗಿಯುತ್ತಿತ್ತು. ಹಣ್ಣು ಸರಿಯಾಗಿ ಬಂದಿತ್ತು, ಟೆಂಪೋ ತುಂಬುತ್ತಿತ್ತು. ಹವೆ ಕೆಟ್ಟಿತ್ತು ಎಂಬ ಮಾತು ಅವನ ಬಾಯಲ್ಲಿ ನಾಲ್ಕು ತಿಂಗಳಿಂದ ತಯಾರೇ ಇತ್ತು.

"ಶ್ರಾವಣದಿಂದ್ರಿ," ಎಂದ. "ನನ್ನ ಮೂಗು ಹೋಗೈತ್ರಿ ಅಯ್ನೋರೆ. ವಾಸನಿ ಬರಂಗಿಲ್ಲ."

ಕೊಟ್ರಯ್ಯ ತಟ್ಟೆ ಕೆಳಗಿಟ್ಟರು. "ಮತ್ತ ಇವು?"

"ಇವು ಆಕಿ ಮೂಸಿ ಹೇಳಿದ್ದು. ನಾ ಕೇಳಿದ್ದು ಅಷ್ಟ. ನನ್ನ ಮಾತು ಕೇಳಿದ್ರ ಇಷ್ಟೂ ದ್ವಾಸಿ ಆಗ್ತಿದ್ವು."

"ಮದ್ಲ ಹೇಳಿದ್ರ ನಾ ಮಂಡಿಗೆ ಹೋಗ್ತಿದ್ದೆ ನೋಡು."

"ಅದಕ್ಕ ಹೇಳ್ಲಿಲ್ರಿ."

ಕೊಟ್ರಯ್ಯ ಎದ್ದು ಟೆಂಪೋದ ಹತ್ತಿರ ಹೋದರು. ಮೇಲಿನ ಬುಟ್ಟಿಯಿಂದ ಒಂದು ಚಿಪ್ಪು, ಕೆಳಗಿನ ಬುಟ್ಟಿಯಿಂದ ಒಂದು ಚಿಪ್ಪು ತೆಗೆದು ತಂದು ಸುಂಕಲಮ್ಮನ ಮುಂದೆ ಹಿಡಿದರು. "ಹೇಳವ್ವ, ಯಾವು ಎಷ್ಟೊತ್ತಿನ ತನಕ ತಡೀತಾವು?"

ಅವಳು ಗಂಡನ ಕಡೆ ನೋಡಿದಳು. "ಉಸಿರು ಬಿಟ್ಟು ಎಳಿ," ಎಂದ ಅವನು ಮೆಲ್ಲಗೆ.

"ಇವು ಇವತ್ತು ಊಟದ ಹೊತ್ತಿಗೆ ಹಂಚಬೇಕ್ರಿ," ಎಂದಳು ಮೊದಲನೆಯದನ್ನು ಮೂಸಿ. ಎರಡನೆಯದಕ್ಕೆ ಹೆಚ್ಚು ಹೊತ್ತು ತೆಗೆದುಕೊಂಡಳು. "ಇವು ನಾಳಿ ಮಧ್ಯಾಹ್ನದ ತನಕ ತಡೀತಾವು. ಊರಿಗೆ ಹೋಗೋರ ಕೈಯಾಗ ಇವನ್ನ ಕೊಡ್ರಿ. ಬಿಸಲಾಗ ಮಾತ್ರ ಇಡಬ್ಯಾಡ್ರಿ."

ಕೊಟ್ರಯ್ಯ ಡ್ರೈವರನ್ನು ಕರೆದರು. "ಲೇ ಹುಲುಗೇಶ್, ಕೇಳಿದ್ಯಾ? ಮ್ಯಾಲಿನ ಬುಟ್ಟಿ ಊಟಕ್ಕ, ಕೆಳಗಿನಾವು ಊರಿಗೆ ಹೋಗೋರಿಗೆ. ನೆಳ್ಳಾಗ ಇಳಿಸು." ಟೆಂಪೋ ಹತ್ತುವ ಮೊದಲು ತಿರುಗಿದರು. "ಫಾಲ್ಗುಣಕ್ಕ ಮಿಲ್ಲಿನ್ಯಾಗ ಪೂಜಿ ಐತಿ. ತಾರೀಕು ಯಾರಿಗೆ ಹೇಳ್ಲಿ?"

"ಆಕಿಗೆ ಹೇಳ್ರಿ," ಎಂದ ಗಾದಿಲಿಂಗಣ್ಣ.

"ಹದಿನೈದು ದಿನ ಮದ್ಲ ಹೇಳ್ರಿ," ಎಂದಳು ಸುಂಕಲಮ್ಮ. "ತಾರೀಕು ಬದಲಾದ್ರ ಅವತ್ತ ಫೋನ್ ಮಾಡ್ರಿ. ಆಮ್ಯಾಲ ನನ್ನ ಬೈಬ್ಯಾಡ್ರಿ."

"ಅಬಬಬ! ಮೂಗಿನ ಜೋಡಿ ಬಾಯೀನೂ ಬಂತು!" ಎಂದು ನಗುತ್ತ ಕೊಟ್ರಯ್ಯ ಹೊರಟರು.

ಆ ವಾರವೇ ಹೊಸಪೇಟೆಯಲ್ಲಿ ಡಾಕ್ಟರಿಗೆ ತೋರಿಸಿದರು. ವಾಸನೆಯ ನರಕ್ಕೆ ಪೆಟ್ಟಾಗಿದೆ. ನಿಧಾನಕ್ಕೆ ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು. ಬರಲೆಂದು ಗಾದಿಲಿಂಗಣ್ಣ ದಿನಾ ಬೆಳಿಗ್ಗೆ ಡಾಕ್ಟರ್ ಹೇಳಿದಂತೆ ನಾಲ್ಕು ಡಬ್ಬಿ ಮೂಸುತ್ತಾನೆ: ಲವಂಗ, ನಿಂಬೆ ಸಿಪ್ಪೆ, ಸೋಂಪು ಕಾಳು, ಕಾಫಿಪುಡಿ. ಇನ್ನೂ ಏನೂ ಗೊತ್ತಾಗುತ್ತಿಲ್ಲವಂತೆ.

ಕೋಣೆ ನಡೆಯುತ್ತಿದೆ. ದಿನಕ್ಕೆ ಮೂರು ಸಲ ಇಬ್ಬರೂ ಬಾಗಿಲ ಹತ್ತಿರ ಹೋಗುತ್ತಾರೆ. ಅವಳು ತೂತಿಗೆ ಮೂಗು ಹಚ್ಚುತ್ತಾಳೆ, ಅವನು ಪಕ್ಕದಲ್ಲಿ ನಿಂತು ಕೇಳುತ್ತಾನೆ: ಸೌತೆಕಾಯಿ ಐತೇನು, ಎಷ್ಟೈತಿ, ಯಾವ ಕಡೆಯಿಂದ ಬರ್ತೈತಿ. ಅವಳಿಗೆ ತಾಸಿನ ಲೆಕ್ಕ ಇನ್ನೂ ಪೂರ್ತಿ ಬಂದಿಲ್ಲ. ಅದನ್ನು ಅವನು ಹೇಳುತ್ತಾನೆ. ಕೆಲವು ಸಲ ಜಗಳವೂ ಆಗುತ್ತದೆ, ನಮ್ಮ ಮನೆಯ ತನಕ ಕೇಳಿಸುತ್ತದೆ. ಮೊನ್ನೆ ಸಂಡೂರಿನವರೊಬ್ಬರು ಬಂದು, "ಗಾದಿಲಿಂಗಣ್ಣ, ನಮ್ಮ ಹಣ್ಣು ಯಾವಾಗ ಆಗ್ತಾವು?" ಎಂದು ಕೇಳಿದರು. ಅವನು ಸಗಣಿ ಕಲಸುತ್ತಿದ್ದ ಕೈ ನಿಲ್ಲಿಸದೆ, "ತಡೀರಿ, ಆಕಿ ಇನ್ನಾ ಮೂಸಿಲ್ಲ," ಎಂದ.